ಹಲವು ಕಿಟಕಿ, ಎರಡು ಲಿಪಿ: ಗಡಿಸೀಮೆಯ ಗಣಕದ ಕೆಲಸ

ಬೆಳಗಾವಿ ನಗರದ ಕಚೇರಿಗಳಲ್ಲಿಯೂ, ಅಲ್ಲಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರ ಪಟ್ಟಣದ ತಾಲೂಕು ಕಚೇರಿ, ಬ್ಯಾಂಕು, ಸೇವಾ ಕೇಂದ್ರಗಳಲ್ಲಿಯೂ ಗಣಕದ ಮುಂದೆ ಕುಳಿತು ದುಡಿಯುವವರ ಕೆಲಸಕ್ಕೆ ಬೇರೆ ಊರುಗಳಲ್ಲಿ ಅಷ್ಟಾಗಿ ಕಾಣದ ಒಂದು ತೊಡಕು ಇದೆ. ಈ ಸೀಮೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದುದರಿಂದ ಹಳೆಯ ಕಾಗದಪತ್ರಗಳಲ್ಲಿ ಮರಾಠಿಯೂ ಅದರ ಮೋಡಿ ಲಿಪಿಯೂ ಸಿಗುತ್ತವೆ; ತಾಲೂಕಿನಲ್ಲಿ ಮರಾಠಿ ಮನೆಮಾತಿನವರ ಸಂಖ್ಯೆ ದೊಡ್ಡದು; ಆಡಳಿತದ ಭಾಷೆ ಕನ್ನಡ; ತೆರಿಗೆ ಮತ್ತು ಬ್ಯಾಂಕಿನ ಜಾಲತಾಣಗಳು ಬಹುಮಟ್ಟಿಗೆ ಇಂಗ್ಲಿಷಿನವು. ಹೀಗಾಗಿ ಒಂದೇ ಅರ್ಜಿಯನ್ನು ಮುಗಿಸುವಷ್ಟರಲ್ಲಿ ಆಪರೇಟರನ ಕಣ್ಣು ಮತ್ತು ಬೆರಳು ಮೂರು ನಾಲ್ಕು ಕಡೆ ತೆರೆದಿಟ್ಟ ಕೆಲಸಗಳ ನಡುವೆ ಓಡಾಡಬೇಕು, ಓಡಾಡುವಾಗ ಲಿಪಿಯನ್ನೂ ಬದಲಿಸಬೇಕು. ಈ ಓಡಾಟವನ್ನು ಮೌಸನ್ನು ಮುಟ್ಟದೆ, ಕೀಲಿಮಣೆಯ ಮೇಲಿಂದ ಕೈ ಎತ್ತದೆ ನಡೆಸುವ ವಿಧಾನವೇ ಈ ಭಾಷಣದ ವಿಷಯ.

ಇಂಥ ಓಡಾಟ ಹೆಚ್ಚಿದ್ದು ಕಳೆದ 25 ವರ್ಷಗಳಲ್ಲಿ. 2000ದ ಸುಮಾರಿಗೆ ಕರ್ನಾಟಕದಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯಿಂದ ಕೈಬರಹದ ಪಹಣಿ ನಿಂತುಹೋಗಿ, ಜಮೀನಿನ ದಾಖಲೆ ತಾಲೂಕು ಕೇಂದ್ರದ ಗಣಕದಿಂದ ಮುದ್ರಣವಾಗಿ ರೈತನ ಕೈಗೆ ಬರತೊಡಗಿತು. ಆಸ್ತಿ ನೋಂದಣಿಗೆ ‘ಕಾವೇರಿ’, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ‘ನಾಡಕಚೇರಿ’, ಬಗೆಬಗೆಯ ಅರ್ಜಿಗಳಿಗೆ ‘ಸೇವಾ ಸಿಂಧು’ ಹೀಗೆ ಒಂದೊಂದಕ್ಕೂ ಒಂದೊಂದು ವ್ಯವಸ್ಥೆ ಸೇರಿಕೊಂಡಿತು. ಕಣಕುಂಬಿಯಿಂದಲೋ ಜಾಂಬೋಟಿಯಿಂದಲೋ ಮಳೆಯಲ್ಲಿ ಬಸ್ಸು ಹಿಡಿದು ಖಾನಾಪುರಕ್ಕೆ ಬಂದ ರೈತ ಸರತಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂಬುದು ಸರ್ವರಿನ ವೇಗವನ್ನೂ ವಿದ್ಯುತ್ತನ್ನೂ ಅವಲಂಬಿಸಿದೆಯಾದರೂ, ಗಣಕದ ಮುಂದಿರುವವರ ಕೈಯ ರೂಢಿಯೂ ಅದರಲ್ಲಿ ಪಾಲು ಪಡೆಯುತ್ತದೆ. ಮೊದಲಿನ ಎರಡು ಆಪರೇಟರನ ಹಿಡಿತದಲ್ಲಿಲ್ಲ, ಮೂರನೆಯದು ಪೂರ್ತಿಯಾಗಿ ಅವನ ಹಿಡಿತದಲ್ಲಿದೆ.

ಗಣಕದ ತೆರೆಯ ಮೇಲೆ ಚೌಕಟ್ಟು ಹಾಕಿಕೊಂಡು ತೆರೆದುಕೊಳ್ಳುವ, ಒಂದು ಕೆಲಸಕ್ಕೆ ಮೀಸಲಾದ ಜಾಗಕ್ಕೆ ವಿಂಡೋ ಅಥವಾ ಕಿಟಕಿ ಎಂದು ಹೆಸರು. ಒಂದರ ಮೇಲೊಂದು ಬೀಳುವ ಕಿಟಕಿಗಳ ಕಲ್ಪನೆ 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ, ಆಲನ್ ಕೇ ಮತ್ತು ಅವರ ಸಂಗಡಿಗರ ಕೆಲಸದಲ್ಲಿ ರೂಪುಗೊಂಡಿತು. ಮೈಕ್ರೋಸಾಫ್ಟ್ 1985ರ ನವೆಂಬರಿನಲ್ಲಿ ಹೊರತಂದ ವಿಂಡೋಸಿನ ಮೊದಲ ಆವೃತ್ತಿಯಲ್ಲಿ ಕಿಟಕಿಗಳು ಹೆಂಚಿನಂತೆ ಪಕ್ಕಪಕ್ಕದಲ್ಲಿ ಕೂರುತ್ತಿದ್ದವೇ ಹೊರತು ಒಂದನ್ನೊಂದು ಮುಚ್ಚುತ್ತಿರಲಿಲ್ಲ. 1987ರ ಎರಡನೆಯ ಆವೃತ್ತಿಯಲ್ಲಿ ಅವು ಒಂದರ ಮೇಲೊಂದು ಬರತೊಡಗಿದವು. ಅಡಿಯಲ್ಲಿ ಮುಚ್ಚಿಹೋದದ್ದನ್ನು ಮೇಲಕ್ಕೆ ತರುವ ಅಗತ್ಯ ಹೆಚ್ಚಿದ್ದು ಈ ಬದಲಾವಣೆಯಿಂದಲೇ. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ತೆರೆಯ ಕೆಳಗಂಚಿನಲ್ಲಿ ಕಾರ್ಯಪಟ್ಟಿಯನ್ನು, ಅಂದರೆ ಟಾಸ್ಕ್‌ಬಾರನ್ನು ಇಟ್ಟು, ತೆರೆದ ಪ್ರತಿಯೊಂದು ಕಿಟಕಿಗೂ ಅಲ್ಲಿ ಒಂದು ಗುಂಡಿಯನ್ನು ಕೊಟ್ಟಿತು. ಮೌಸಿನಿಂದ ಆ ಗುಂಡಿಯನ್ನು ಒತ್ತಿ ಕಿಟಕಿ ಬದಲಿಸುವ ಪದ್ಧತಿ ಆಗಿನಿಂದ ಎಷ್ಟು ಬೇರೂರಿದೆಯೆಂದರೆ, ಬೇರೆ ದಾರಿಯೊಂದು ಇದೆಯೆಂಬುದನ್ನೇ ಹಲವು ತರಬೇತಿ ಕೇಂದ್ರಗಳು ಇಂದಿಗೂ ಹೇಳಿಕೊಡುವುದಿಲ್ಲ.

ಮೌಸಿನ ದಾರಿ ಎಷ್ಟು ಉದ್ದ ಎಂಬುದನ್ನು ಅಳೆದವರೂ ಇದ್ದಾರೆ. ಅದೇ ಪಾಲೊ ಆಲ್ಟೊ ಸಂಶೋಧನಾಲಯದ ಸ್ಟುವರ್ಟ್ ಕಾರ್ಡ್ ಮತ್ತು ಥಾಮಸ್ ಮೊರಾನ್ ಅವರು ಅಲೆನ್ ನ್ಯೂಯೆಲ್ ಅವರೊಡನೆ ಸೇರಿ 1980ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಗಣಕದ ಮುಂದಿನ ಪ್ರತಿಯೊಂದು ಚಿಕ್ಕ ಚಲನೆಗೂ ಒಂದು ಸರಾಸರಿ ಕಾಲವನ್ನು ಗೊತ್ತುಮಾಡಿದರು. ಅದರ ಪ್ರಕಾರ ನುರಿತ ಬೆರಳಚ್ಚುಗಾರನಿಗೆ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡು, ಕೀಲಿಮಣೆಯಿಂದ ಮೌಸಿಗೆ ಕೈ ಒಯ್ಯಲು 0.4 ಸೆಕೆಂಡು, ಬಾಣದ ಗುರುತನ್ನು ಬೇಕಾದ ಜಾಗಕ್ಕೆ ತಂದು ನಿಲ್ಲಿಸಲು 1.1 ಸೆಕೆಂಡು ಬೇಕು. ಕೈ ಮೌಸಿಗೆ ಹೋಗಿ, ಗುರಿ ಹಿಡಿದು, ಒತ್ತಿ, ಮತ್ತೆ ಕೀಲಿಮಣೆಗೆ ಮರಳುವಷ್ಟರಲ್ಲಿ ಹತ್ತಿರ ಹತ್ತಿರ 2 ಸೆಕೆಂಡು ಕಳೆಯುತ್ತದೆ. ಎರಡು ಕೀಲಿ ಒತ್ತಿದರೆ 0.4 ಸೆಕೆಂಡಿನಲ್ಲಿ ಅದೇ ಕೆಲಸ ಆಗುತ್ತದೆ. ಒಂದು ಅರ್ಜಿಗೆ ಹತ್ತು ಸಲ, ದಿನಕ್ಕೆ 60 ಅರ್ಜಿ ಎಂದು ಇಟ್ಟುಕೊಂಡರೆ ಉಳಿತಾಯ ಸುಮಾರು 16 ನಿಮಿಷ. ಈ ಹದಿನಾರು ನಿಮಿಷವೇ ದೊಡ್ಡ ಲಾಭವೆಂದು ತಿಳಿಯುವುದು ಸರಿಯಲ್ಲ. ಮೌಸು ಹಿಡಿದಾಗ ಕಣ್ಣು ಓದುತ್ತಿದ್ದ ಸಾಲನ್ನು ಬಿಟ್ಟು ತೆರೆಯ ಕೆಳಗಂಚಿಗೆ ಹೋಗುತ್ತದೆ; ಸರ್ವೆ ನಂಬರಿನ ಅರ್ಧ ಭಾಗವನ್ನು ನೆನಪಿನಲ್ಲಿಟ್ಟುಕೊಂಡು ಹೋದ ಮನಸ್ಸು ಮರಳಿ ಬರುವಷ್ಟರಲ್ಲಿ ಅಂಕಿಯೊಂದು ಅದಲುಬದಲಾಗುತ್ತದೆ, ಹಿಸ್ಸೆಯೊಂದು ತಪ್ಪುತ್ತದೆ. ಅಂಥ ಒಂದು ತಪ್ಪನ್ನು ಪಹಣಿಯಲ್ಲಿ ತಿದ್ದಿಸಲು ರೈತ ಎಷ್ಟು ಸಲ ತಾಲೂಕು ಕಚೇರಿಗೆ ಬರಬೇಕಾಗುತ್ತದೆ ಎಂಬುದನ್ನು ಬಲ್ಲವರಿಗೆ ಕೀಲಿಮಣೆಯ ದಾರಿಯ ನಿಜವಾದ ಬೆಲೆ ತಾನಾಗಿ ತಿಳಿಯುತ್ತದೆ.

ಈ ದಾರಿಯ ಮೊದಲ ಮೆಟ್ಟಿಲು ಆಲ್ಟ್ ಮತ್ತು ಟ್ಯಾಬ್ ಎಂಬ ಎರಡು ಕೀಲಿಗಳ ಜೋಡಿ. ಆಲ್ಟ್ ಎಂಬುದು ಕೀಲಿಮಣೆಯ ಕೆಳಗಿನ ಸಾಲಿನಲ್ಲಿ, ಉದ್ದನೆಯ ಸ್ಪೇಸ್ ಪಟ್ಟಿಯ ಎಡಕ್ಕೆ ಇರುವ ಕೀಲಿ. ಟ್ಯಾಬ್ ಎಂಬುದು ಎಡ ಅಂಚಿನಲ್ಲಿ, ಮೇಲಿನ ಅಕ್ಷರಸಾಲಿನ ಆರಂಭದಲ್ಲಿ ಇರುವುದು. ಹೆಬ್ಬೆರಳಿನಿಂದ ಆಲ್ಟನ್ನು ಒತ್ತಿಹಿಡಿದು ಟ್ಯಾಬನ್ನು ಒಮ್ಮೆ ತಟ್ಟಿದರೆ ತೆರೆದ ಕಿಟಕಿಗಳ ಪಟ್ಟಿ ತೆರೆಯ ನಡುವೆ ಕಾಣಿಸಿಕೊಳ್ಳುತ್ತದೆ. ತಟ್ಟಿದಷ್ಟು ಸಲ ಗುರುತು ಮುಂದಕ್ಕೆ ಸರಿಯುತ್ತದೆ. ಆಲ್ಟನ್ನು ಬಿಟ್ಟ ಕ್ಷಣ ಗುರುತು ನಿಂತ ಕಿಟಕಿ ಎದುರಿಗೆ ಬರುತ್ತದೆ. ಇಷ್ಟು ಬಹಳ ಮಂದಿಗೆ ಗೊತ್ತು. ಆ ಪಟ್ಟಿಯ ಕ್ರಮ ಯಾವುದು ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ, ಮತ್ತು ಕಣ್ಣಿಟ್ಟು ನೋಡದೆ ಕಿಟಕಿ ಬದಲಿಸುವ ಕಲೆಯೆಲ್ಲ ಅಡಗಿರುವುದು ಆ ಕ್ರಮದಲ್ಲಿಯೇ.

ಗುಮಾಸ್ತನ ಮೇಜಿನ ಮೇಲಿನ ಕಡತಗಳ ರಾಶಿಯಲ್ಲಿ ಇದೀಗ ನೋಡಿದ ಕಡತ ಮೇಲುಗಡೆಯೂ, ಅದಕ್ಕೆ ಮುಂಚೆ ನೋಡಿದ್ದು ಅದರ ಕೆಳಗೂ ಇರುವಂತೆ, ಆಲ್ಟ್-ಟ್ಯಾಬಿನ ಪಟ್ಟಿಯಲ್ಲಿ ಕಿಟಕಿಗಳು ಬಳಕೆಯ ಹಿಂದುಮುಂದಿನ ಪ್ರಕಾರ ಕೂರುತ್ತವೆ. ಈಗಿನದು ಮೊದಲನೆಯದು, ಅದರ ಹಿಂದಿನದು ಎರಡನೆಯದು. ಗುರುತು ಸದಾ ಎರಡನೆಯದರ ಮೇಲೆ ಹೋಗಿ ನಿಲ್ಲುವುದರಿಂದ, ಒಂದೇ ತಟ್ಟು ಈಗತಾನೆ ಬಿಟ್ಟುಬಂದ ಕಿಟಕಿಗೆ ಮರಳಿಸುತ್ತದೆ, ಇನ್ನೊಂದು ತಟ್ಟು ಮತ್ತೆ ಮೊದಲಿನದಕ್ಕೆ ತರುತ್ತದೆ. ಕನ್ನಡದ ಅರ್ಜಿ ಒಂದರಲ್ಲಿ, ಮೂಲ ಮರಾಠಿ ಪತ್ರ ಇನ್ನೊಂದರಲ್ಲಿ ಇದ್ದರೆ ಪಟ್ಟಿಯನ್ನು ನೋಡುವ ಅಗತ್ಯವೇ ಇಲ್ಲ.

ಮೂರು ಕಿಟಕಿಗಳಾದಾಗ ಹೊಸಬರು ಎಡವುತ್ತಾರೆ, ಏಕೆಂದರೆ ಒಂದೊಂದೇ ತಟ್ಟು ತಟ್ಟುತ್ತ ಹೋದರೆ ಮೊದಲೆರಡರ ನಡುವೆಯೇ ಸುತ್ತಬೇಕಾಗುತ್ತದೆ, ಮೂರನೆಯದು ಎಂದಿಗೂ ಎದುರಿಗೆ ಬರುವುದಿಲ್ಲ. ಇಲ್ಲಿ ಕ್ರಮದ ಅರಿವು ನೆರವಿಗೆ ಬರುತ್ತದೆ. ಪಹಣಿ, ಪತ್ರ, ಅರ್ಜಿ ಎಂಬ ಮೂರು ಕಿಟಕಿಗಳು ಇದೇ ಕ್ರಮದಲ್ಲಿವೆ ಎಂದಿಟ್ಟುಕೊಂಡರೆ, ಎರಡು ತಟ್ಟಿಗೆ ಅರ್ಜಿ ಎದುರಿಗೆ ಬಂದು ಕ್ರಮವು ಅರ್ಜಿ, ಪಹಣಿ, ಪತ್ರ ಎಂದಾಗುತ್ತದೆ. ಮತ್ತೆ ಎರಡು ತಟ್ಟಿಗೆ ಪತ್ರ ಬರುತ್ತದೆ. ಇನ್ನೆರಡು ತಟ್ಟಿಗೆ ಪಹಣಿ ಬಂದು ಕ್ರಮ ಮೊದಲಿದ್ದಂತೆಯೇ ಆಗುತ್ತದೆ. ಹೀಗೆ ಪ್ರತಿ ಸಲವೂ ಎರಡೇ ತಟ್ಟು ಎಂಬ ನಿಯಮವನ್ನು ಹಿಡಿದರೆ ಮೂರು ಕಿಟಕಿಗಳೂ ತಪ್ಪದೆ ಸರದಿಯಂತೆ ಬರುತ್ತವೆ. ನಾಲ್ಕಕ್ಕೆ ಮೂರು ತಟ್ಟು ಎಂದು ಇದನ್ನು ಮುಂದುವರಿಸಬಹುದಾದರೂ, ಬೆರಳು ಎಣಿಕೆ ತಪ್ಪುವುದು ಅಲ್ಲಿಂದಲೇ ಆರಂಭವಾಗುವುದರಿಂದ ಬೇರೆ ಉಪಾಯ ಹಿಡಿಯುವುದು ಲೇಸು. ಗುರುತು ಮುಂದೆ ಹೋಗಿಬಿಟ್ಟರೆ ಶಿಫ್ಟ್ ಕೀಲಿಯನ್ನೂ ಸೇರಿಸಿ ತಟ್ಟಿದಾಗ ಹಿಂದಕ್ಕೆ ಬರುತ್ತದೆ. ಕೀಲಿಯನ್ನು ಒತ್ತಿಹಿಡಿಯಲು ಬೆರಳಿಗೆ ಕಷ್ಟವಿರುವವರು ಕಂಟ್ರೋಲ್, ಆಲ್ಟ್, ಟ್ಯಾಬ್ ಮೂರನ್ನೂ ಒಟ್ಟಿಗೆ ಒತ್ತಿ ಬಿಟ್ಟರೆ ಪಟ್ಟಿ ತೆರೆಯ ಮೇಲೆ ನಿಂತೇ ಇರುತ್ತದೆ. ಬಾಣದ ಕೀಲಿಗಳಿಂದ ಆಯ್ದು ಎಂಟರ್ ಒತ್ತಿದರೆ ಸಾಕು. ವಯಸ್ಸಾದ ನೌಕರರಿಗೆ ಇದು ಹೇಳಿಮಾಡಿಸಿದ್ದು, ಆದರೂ ಇದನ್ನು ಬಲ್ಲವರು ವಿರಳ.

ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕಿಟಕಿಗಳಿದ್ದಾಗ ಹಿಡಿಯಬೇಕಾದ ಉಪಾಯ ಇದಕ್ಕೆ ತದ್ವಿರುದ್ಧವಾದ ತತ್ತ್ವದ್ದು. ಆಲ್ಟ್-ಟ್ಯಾಬಿನ ಕ್ರಮ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕಾರ್ಯಪಟ್ಟಿಯ ಮೇಲೆ ನೆಲೆಗೊಳಿಸಿದ ಗುಂಡಿಗಳ ಸ್ಥಾನ ಬದಲಾಗುವುದಿಲ್ಲ. 2009ರ ವಿಂಡೋಸ್ 7ರಿಂದ, ವಿಂಡೋಸಿನ ಚಿಹ್ನೆಯುಳ್ಳ ಕೀಲಿಯನ್ನು ಒತ್ತಿಹಿಡಿದು 1 ಒತ್ತಿದರೆ ಕಾರ್ಯಪಟ್ಟಿಯ ಮೊದಲನೆಯ ತಂತ್ರಾಂಶ, 2 ಒತ್ತಿದರೆ ಎರಡನೆಯದು ಎದುರಿಗೆ ಬರುತ್ತದೆ. 0 ಹತ್ತನೆಯದಕ್ಕೆ ಸಲ್ಲುತ್ತದೆ. ಜಾಲಾಡುವ ತಂತ್ರಾಂಶಕ್ಕೆ, ಅಂದರೆ ಬ್ರೌಸರಿಗೆ ಮೊದಲ ಸ್ಥಾನ, ಪತ್ರ ಬರೆಯುವುದಕ್ಕೆ ಎರಡನೆಯದು, ಲೆಕ್ಕದ ಹಾಳೆಗೆ ಮೂರನೆಯದು ಎಂದು ಕಚೇರಿಯ ಎಲ್ಲ ಗಣಕಗಳಲ್ಲಿಯೂ ಒಂದೇ ಏರ್ಪಾಡು ಮಾಡಿಕೊಂಡರೆ, ರಜೆ ಹಾಕಿದವರ ಕುರ್ಚಿಯಲ್ಲಿ ಕುಳಿತವರಿಗೂ ಬೆರಳು ತಡವರಿಸುವುದಿಲ್ಲ. ಒಂದೇ ತಂತ್ರಾಂಶದಲ್ಲಿ ಹಲವು ಕಿಟಕಿಗಳಿದ್ದಾಗ ಕಂಟ್ರೋಲ್ ಕೀಲಿಯನ್ನೂ ಸೇರಿಸಿ ಸಂಖ್ಯೆ ಒತ್ತಿದರೆ ಅವುಗಳಲ್ಲಿ ಕೊನೆಗೆ ಬಳಸಿದ್ದು ನೇರವಾಗಿ ತೆರೆದುಕೊಳ್ಳುತ್ತದೆ.

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಗಳ ಲೆಕ್ಕ ಬರೆಯುವವರಲ್ಲಿ ಈ ವಿಷಯದಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಮೊದಲಿನಿಂದಲೂ ಕೀಲಿಮಣೆಯನ್ನೇ ನಂಬಿ ಕಟ್ಟಿದ್ದು. ಅದರೊಳಗೆ ಇರುವಷ್ಟು ಹೊತ್ತು ಲೆಕ್ಕಿಗರ ಕೈ ಮೌಸಿನತ್ತ ಸುಳಿಯುವುದಿಲ್ಲ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಟ್ಯಾಲಿಯಿಂದ ತೆರಿಗೆಯ ಜಾಲತಾಣಕ್ಕೂ ಅಲ್ಲಿಂದ ಲೆಕ್ಕದ ಹಾಳೆಗೂ ದಿನವಿಡೀ ಹೋಗಿಬರುವುದು ಅನಿವಾರ್ಯವಾಯಿತು. ಆ ಹೊಸ್ತಿಲನ್ನು ದಾಟುವಾಗ ಮಾತ್ರ ಅದೇ ಚುರುಕು ಕೈ ಮೌಸಿಗೆ ಹೋಗುವುದುಂಟು. ಬೆರಳು ಆಗಲೇ ಪಳಗಿರುವುದರಿಂದ ಇಂಥವರು ಮೇಲಿನ ಎರಡು ಉಪಾಯಗಳನ್ನು ಬೇಗ ಕರಗತ ಮಾಡಿಕೊಳ್ಳಬಲ್ಲರು.

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿಗೂ ಸಲ್ಲುವ ಮಾತು. ಬೆಳಗಾವಿ ಮತ್ತು ಖಾನಾಪುರಕ್ಕೆ ವಿಶೇಷವಾಗಿ ಸಲ್ಲುವುದು ಲಿಪಿಯ ಪ್ರಶ್ನೆ. ಗಣಕದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬರೆಯಲು ಏರ್ಪಾಡು ಮಾಡಿದಾಗ, ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿದರೆ ಬರವಣಿಗೆಯ ಭಾಷೆ ಒಂದಾದ ಮೇಲೊಂದರಂತೆ ಬದಲಾಗುತ್ತದೆ. ವಿಂಡೋಸ್ 7ರವರೆಗೆ ಪ್ರತಿಯೊಂದು ಕಿಟಕಿಯೂ ತನ್ನ ಭಾಷೆಯನ್ನು ತಾನೇ ನೆನಪಿಟ್ಟುಕೊಳ್ಳುತ್ತಿತ್ತು. 2012ರ ವಿಂಡೋಸ್ 8ರಿಂದ ಈಚೆಗೆ ಆ ಪದ್ಧತಿ ಕೈಬಿಟ್ಟು, ಒಂದು ಕಿಟಕಿಯಲ್ಲಿ ಭಾಷೆ ಬದಲಿಸಿದರೆ ಎಲ್ಲ ಕಿಟಕಿಗಳಲ್ಲಿಯೂ ಬದಲಾಗುವಂತೆ ಮಾಡಲಾಯಿತು. ಒಂದೇ ಭಾಷೆಯಲ್ಲಿ ದುಡಿಯುವವರಿಗೆ ಇದು ಅನುಕೂಲವೇ ಇರಬಹುದು. ಗಡಿಸೀಮೆಯ ಆಪರೇಟರನಿಗೆ ಇದರಿಂದ ಆದದ್ದು ಇಮ್ಮಡಿ ಕೆಲಸ. ಮರಾಠಿ ಪತ್ರದಿಂದ ಕನ್ನಡ ಅರ್ಜಿಗೆ ಬಂದಾಗಲೆಲ್ಲ ಲಿಪಿಯನ್ನೂ ಬದಲಿಸಬೇಕು, ಮರೆತರೆ ಅರ್ಜಿದಾರನ ಹೆಸರು ದೇವನಾಗರಿಯಲ್ಲಿ ಮೂಡುತ್ತದೆ, ಅಳಿಸಿ ಮತ್ತೆ ಬರೆಯಬೇಕು.

ಇದಕ್ಕೆ ಪರಿಹಾರ ವಿಂಡೋಸಿನಲ್ಲಿಯೇ ಇದೆ, ಆದರೆ ಒಳಗೆಲ್ಲೋ ಹುದುಗಿದೆ. ಸೆಟ್ಟಿಂಗ್ಸ್ ಎಂಬ ಏರ್ಪಾಡಿನ ಪುಟದಲ್ಲಿ ಟೈಪಿಂಗ್ ವಿಭಾಗಕ್ಕೆ ಹೋಗಿ, ಅದರೊಳಗಿನ ಅಡ್ವಾನ್ಸ್‌ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದರೆ, ಪ್ರತಿಯೊಂದು ಕಿಟಕಿಗೂ ಬೇರೆ ಬೇರೆ ಬರವಣಿಗೆಯ ವಿಧಾನ ಇರಲಿ ಎಂಬ ಅರ್ಥದ ಒಂದು ಚೌಕ ಕಾಣುತ್ತದೆ. ಅದಕ್ಕೆ ಗುರುತು ಹಾಕಿದ ಮೇಲೆ ಅರ್ಜಿಯ ಕಿಟಕಿ ಕನ್ನಡದಲ್ಲಿ, ಪತ್ರದ ಕಿಟಕಿ ಮರಾಠಿಯಲ್ಲಿ, ತೆರಿಗೆಯ ಕಿಟಕಿ ಇಂಗ್ಲಿಷಿನಲ್ಲಿ ನಿಲ್ಲುತ್ತದೆ. ಆಲ್ಟ್-ಟ್ಯಾಬಿನ ಒಂದು ತಟ್ಟು ಕಿಟಕಿಯನ್ನೂ ಲಿಪಿಯನ್ನೂ ಒಮ್ಮೆಗೇ ಬದಲಿಸುತ್ತದೆ. ಬೆಂಗಳೂರಿನ ಕಚೇರಿಗೆ ಇದು ಇದ್ದರೂ ಇಲ್ಲದಿದ್ದರೂ ನಡೆದೀತು. ಬೆಳಗಾವಿ, ಖಾನಾಪುರ, ನಿಪ್ಪಾಣಿಗಳ ಗಣಕಗಳಲ್ಲಿ, ಕಾಸರಗೋಡಿನಲ್ಲಿ ಕನ್ನಡ ಮಲಯಾಳಗಳನ್ನು ಒಟ್ಟಿಗೆ ನಡೆಸುವ ಗಣಕಗಳಲ್ಲಿ ಇದು ಮೊದಲ ದಿನವೇ ಮಾಡಿಡಬೇಕಾದ ಏರ್ಪಾಡು.

ಇದರ ಜೊತೆಗೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಎರಡನ್ನೇ ಒತ್ತಿ ಬಿಟ್ಟರೂ ಭಾಷೆ ಬದಲಾಗುವಂತೆ ವಿಂಡೋಸಿನಲ್ಲಿ ಹಿಂದಿನಿಂದ ಬಂದ ಒಂದು ವಾಡಿಕೆ ಇದೆ. ಆಲ್ಟ್-ಟ್ಯಾಬಿನ ಪಟ್ಟಿಯಲ್ಲಿ ಹಿಂದಕ್ಕೆ ಬರಲು ಒತ್ತಬೇಕಾದ ಕೀಲಿಗಳಲ್ಲಿಯೂ ಇವೆರಡು ಸೇರಿರುವುದರಿಂದ, ಟ್ಯಾಬ್ ಸರಿಯಾಗಿ ಬೀಳದೆ ಹೋದರೆ ಕಿಟಕಿ ಬದಲಾಗುವ ಬದಲು ಲಿಪಿ ಬದಲಾಗಿ, ಗಣಕ ಕೆಟ್ಟಿತೆಂದು ಕೆಲಸಗಾರ ಗಾಬರಿಗೊಳ್ಳುತ್ತಾನೆ. ಅದೇ ಕೀಬೋರ್ಡ್ ಪುಟದಲ್ಲಿರುವ ಶೀಘ್ರಕೀಲಿಗಳ ಪಟ್ಟಿಯಲ್ಲಿ ಈ ಜೋಡಿಯನ್ನು ತೆಗೆದುಹಾಕಿ, ಭಾಷೆಗೆ ವಿಂಡೋಸ್-ಸ್ಪೇಸ್ ಒಂದನ್ನೇ ಉಳಿಸಿಕೊಳ್ಳುವುದು ಸುರಕ್ಷಿತ.

ಎರಡು ಲಿಪಿಗಳಲ್ಲಿ ಬರೆಯುವವರು ಎರಡು ಕೀಲಿವಿನ್ಯಾಸ ಕಲಿಯಬೇಕಲ್ಲ ಎಂಬ ಆತಂಕ ಸಹಜ. ಭಾರತೀಯ ಮಾನಕ ಬ್ಯೂರೋ 1991ರ ಮಾನಕದಲ್ಲಿ ಸೇರಿಸಿದ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ ಈ ಆತಂಕಕ್ಕೆ ಉತ್ತರ ಕೊಡುತ್ತದೆ, ಏಕೆಂದರೆ ಭಾರತೀಯ ಲಿಪಿಗಳ ವರ್ಣಮಾಲೆಗೆ ಇರುವ ಸಮಾನ ಸಂಯೋಜನೆಯನ್ನು ಆಧರಿಸಿ, ಒಂದೇ ಉಚ್ಚಾರದ ಅಕ್ಷರಕ್ಕೆ ಎಲ್ಲ ಲಿಪಿಗಳಲ್ಲಿಯೂ ಅದು ಒಂದೇ ಕೀಲಿಯನ್ನು ಕೊಟ್ಟಿದೆ. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಕಾಗದ ಎಂಬ, ಎರಡೂ ಭಾಷೆಗಳಲ್ಲಿ ಬಳಕೆಯಲ್ಲಿರುವ ಪದವನ್ನು ಬರೆಯಲು ಇಂಗ್ಲಿಷಿನ ಕೆ, ಇ, ಐ, ಒ ಅಕ್ಷರಗಳ ಕೀಲಿಗಳನ್ನು ಆ ಕ್ರಮದಲ್ಲಿ ಒತ್ತಿದರೆ, ಕನ್ನಡದ ಕಿಟಕಿಯಲ್ಲಿ ಕನ್ನಡ ಲಿಪಿಯಲ್ಲಿಯೂ ಮರಾಠಿಯ ಕಿಟಕಿಯಲ್ಲಿ ದೇವನಾಗರಿಯಲ್ಲಿಯೂ ಅದೇ ಪದ ಮೂಡುತ್ತದೆ. ಕರ್ನಾಟಕದ ಕಚೇರಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ; ಇಂಗ್ಲಿಷ್ ಕೀಲಿಗಳ ಉಚ್ಚಾರವನ್ನು ಅನುಸರಿಸುವುದರಿಂದ ಅದು ಕಲಿಯಲು ಸುಲಭ, ಕನ್ನಡವೊಂದನ್ನೇ ಬರೆಯುವವರಿಗೆ ಅದಕ್ಕಿಂತ ಹಿತವಾದದ್ದು ಬೇಡ. ದಿನನಿತ್ಯ ಎರಡು ಲಿಪಿಗಳಲ್ಲಿ ದುಡಿಯುವವರು ಮಾತ್ರ ಇನ್‌ಸ್ಕ್ರಿಪ್ಟ್ ಕಲಿಯಲು ಕೆಲವು ವಾರ ಶ್ರಮಪಟ್ಟರೆ ಆ ಶ್ರಮ ಖಂಡಿತ ವ್ಯರ್ಥವಾಗುವುದಿಲ್ಲ.

ಕನ್ನಡದ ಗಣಕ ಬರವಣಿಗೆಗೆ ನೆಲೆ ಒದಗಿಸಿದ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳನ್ನು ಬಳಸುವವರು ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. ಇವು ಭಾಷೆ ಬದಲಿಸಲು ತಮ್ಮದೇ ಕೀಲಿಗಳನ್ನು ಇಟ್ಟುಕೊಂಡಿರುವುದರಿಂದ, ಕಿಟಕಿಗೊಂದು ಭಾಷೆ ಎಂಬ ವಿಂಡೋಸಿನ ಏರ್ಪಾಡು ಅವುಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಅಲ್ಲದೆ ಎಲ್ಲ ಲಿಪಿಗಳಿಗೂ ಸಲ್ಲುವ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆ ಬಳಕೆಗೆ ಬರುವ ಮುಂಚೆ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತದಿಂದ ನಕಲು ತೆಗೆದು ಜಾಲತಾಣದ ಅರ್ಜಿಯಲ್ಲಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಅಂಥ ಕಡತವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಂಡ ನಂತರವೇ ಕಿಟಕಿಯಿಂದ ಕಿಟಕಿಗೆ ಸಾಗಿಸಬೇಕು. ಸಾಗಿಸುವ ಕೆಲಸವನ್ನೂ ಹಗುರ ಮಾಡಿಕೊಳ್ಳಬಹುದು. ವಿಂಡೋಸ್ ಕೀಲಿಯ ಜೊತೆ ವಿ ಒತ್ತಿದರೆ, ಮೊದಲ ಸಲ ಅನುಮತಿ ಕೇಳಿ, ಆನಂತರ ನಕಲು ತೆಗೆದ 25 ತುಣುಕುಗಳವರೆಗೆ ನೆನಪಿಟ್ಟು ತೋರಿಸುವ ಸೌಲಭ್ಯ 2018ರಿಂದ ಇದೆ; ಹೆಸರು, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ ಎಲ್ಲವನ್ನೂ ಪಹಣಿಯ ಕಿಟಕಿಯಲ್ಲಿಯೇ ಒಂದಾದ ಮೇಲೊಂದು ನಕಲು ಮಾಡಿಕೊಂಡು, ಒಂದೇ ಸಲ ಅರ್ಜಿಯ ಕಿಟಕಿಗೆ ಹೋಗಿ ತುಂಬಿದರೆ ನಾಲ್ಕು ಓಡಾಟದ ಬದಲು ಒಂದೇ ಸಾಕಾಗುತ್ತದೆ.

ಈಚೆಗೆ ಸರ್ಕಾರದ ಬಹುತೇಕ ಸೇವೆಗಳು ಬ್ರೌಸರಿನೊಳಗೇ ನಡೆಯುವುದರಿಂದ, ಬೇರೆ ಬೇರೆ ಕಿಟಕಿಗಳಂತೆ ಕಾಣುವವು ವಾಸ್ತವವಾಗಿ ಒಂದೇ ಕಿಟಕಿಯೊಳಗಿನ ಹಾಳೆಗಳು, ಅಂದರೆ ಟ್ಯಾಬುಗಳು, ಆಗಿರುತ್ತವೆ. ಅವುಗಳ ನಡುವೆ ಓಡಾಡಲು ಆಲ್ಟಿನ ಬದಲು ಕಂಟ್ರೋಲ್ ಹಿಡಿದು ಟ್ಯಾಬ್ ತಟ್ಟಬೇಕು. ಕಂಟ್ರೋಲಿನ ಜೊತೆ 1ರಿಂದ 8ರವರೆಗಿನ ಸಂಖ್ಯೆ ಒತ್ತಿದರೆ ಆ ಸ್ಥಾನದ ಹಾಳೆ, 9 ಒತ್ತಿದರೆ ಕಟ್ಟಕಡೆಯ ಹಾಳೆ ಬರುತ್ತದೆ. ಕಿಟಕಿಗೊಂದು ಲಿಪಿ ಎಂಬ ಏರ್ಪಾಡು ಹಾಳೆಗಳಿಗೆ ಸಲ್ಲದ ಕಾರಣ, ಕನ್ನಡದಲ್ಲಿ ತುಂಬಬೇಕಾದ ಅರ್ಜಿಯನ್ನು ಹೊಸ ಹಾಳೆಯಲ್ಲಿ ತೆರೆಯದೆ, ಕಂಟ್ರೋಲ್ ಮತ್ತು ಎನ್ ಒತ್ತಿ ಹೊಸ ಕಿಟಕಿಯಲ್ಲಿ ತೆರೆಯುವುದು ಒಳ್ಳೆಯದು.

ಕೀಲಿಮಣೆಯ ಈ ದಾರಿ ಕೆಲವರಿಗೆ ವೇಗದ ಸೌಕರ್ಯ. ದೃಷ್ಟಿಹೀನರಿಗೆ ಇರುವುದು ಇದೊಂದೇ ದಾರಿ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ತೆರೆ ಓದುವ ತಂತ್ರಾಂಶ ಕನ್ನಡ, ಮರಾಠಿ ಎರಡನ್ನೂ ಧ್ವನಿಯಾಗಿ ಓದಬಲ್ಲದು. ಆಲ್ಟ್-ಟ್ಯಾಬ್ ತಟ್ಟಿದಾಗ ಗುರುತು ನಿಂತ ಕಿಟಕಿಯ ಹೆಸರನ್ನು ಅದು ಮೊದಲಿನಿಂದ ಓದುತ್ತದೆ. ಕಡತಗಳಿಗೆ ಹೆಸರಿಡುವ ರೀತಿ ಇಲ್ಲಿ ಬಹಳ ಮುಖ್ಯವಾಗುತ್ತದೆ. ‘ವಾರಸಾ ಅರ್ಜಿ, ಖಾನಾಪುರ ತಾಲೂಕು, ನಂದಗಡ’ ಎಂದು ಹೆಸರಿಟ್ಟ ಹತ್ತು ಕಡತಗಳು ತೆರೆದಿದ್ದರೆ, ಕೇಳುವವನು ಹತ್ತರಲ್ಲಿಯೂ ಒಂದೇ ಆರಂಭವನ್ನು ಕೇಳುತ್ತಾನೆ. ಕಣ್ಣಿದ್ದವನಿಗೂ ಪಟ್ಟಿಯ ಕಿರಿದಾದ ಜಾಗದಲ್ಲಿ ಹೆಸರಿನ ಮೊದಲ ಭಾಗ ಮಾತ್ರ ಕಾಣುವುದರಿಂದ ಎಲ್ಲವೂ ಒಂದೇ ತೆರನಾಗಿರುತ್ತವೆ. ಅದರ ಬದಲು ಬೇರೆ ಬೇರೆಯಾಗಿರುವ ಭಾಗವನ್ನೇ ಮುಂದಿಟ್ಟು, ಮೊದಲು ಸರ್ವೆ ನಂಬರು, ಆಮೇಲೆ ನಂದಗಡ, ಹಲಸಿ, ಲೋಂಡಾ ಎಂದು ಗ್ರಾಮದ ಹೆಸರು, ಕೊನೆಗೆ ಅರ್ಜಿಯ ಬಗೆ ಎಂದು ಹೆಸರಿಟ್ಟರೆ, ಮೊದಲ ಪದ ಕಿವಿಗೆ ಬೀಳುತ್ತಲೇ, ಕಣ್ಣಿಗೆ ಕಾಣುತ್ತಲೇ ಆಲ್ಟ್ ಕೀಲಿಯನ್ನು ಬಿಡಬಹುದು.